ಲಂಡನ್ನಿನಲ್ಲಿ ಹೊಲ ಇದೆಯಾ?

ಚನ್ನರಾಯಪಟ್ಟಣದ ಹತ್ತಿರದ ಹಳ್ಳಿಯಲ್ಲಿರುವ ನಮ್ಮ ಮಾವನವರು ಪ್ರತಿ ಭಾನುವಾರ ವಿಡಿಯೋ ಕಾಲ್‌ನಲ್ಲಿ ಮೊಮ್ಮಗನಿಗೆ ಕೇಳುವುದು ಮೂರೇ ಪ್ರಶ್ನೆ. ಊಟ ಆಯ್ತಾ, ಚೆನ್ನಾಗಿ ಓದ್ತಿದೀಯಾ, ಮಳೆ ಬಂತಾ. ಎಂಟು ವರ್ಷದ ನಮ್ಮ ಹುಡುಗ ಮೂರು ಸಲ "ಹೂಂ ತಾತ" ಅಂದು ಫೋನು ನನ್ನ ಕೈಗಿಟ್ಟು ಓಡುತ್ತಾನೆ. ನಿಮ್ಮ ಮನೆಯಲ್ಲೂ ಹೀಗೇ ಇರಬಹುದು. ಒಂದು ದಿನ ತಾತ ಹೊಸದಾಗಿ ಕೇಳಿದರು: "ಅಲ್ಲಿ ಹೊಲ ಗದ್ದೆ ಇದ್ದಾವೇನೋ ಮಗ?" ಅವನು ನನ್ನ ಮುಖ ನೋಡಿದ. ಹೊಲ ಅಂದರೇನೆಂದೇ ಅವನಿಗೆ ಗೊತ್ತಿರಲಿಲ್ಲ. ನಮ್ಮ ಮನೆಯ ಕನ್ನಡ ಅಡುಗೆಮನೆ, ಬಚ್ಚಲುಮನೆ ದಾಟಿರಲೇ ಇಲ್ಲ.

ಲಂಡನ್ನಿನಲ್ಲಿ ಹೊಲ ಇದೆ. ಬ್ರಾಮ್ಲಿ ನಾರ್ತ್ ನಿಲ್ದಾಣದಿಂದ 146ನೇ ನಂಬರಿನ ಕೆಂಪು ಬಸ್ಸು ಹತ್ತಿ ಕೊನೆಯ ಸ್ಟಾಪಿನಲ್ಲಿ ಇಳಿದರೆ ಡೌನ್ ಎಂಬ ಹಳ್ಳಿ. ಒಂದು ಚರ್ಚು, ಒಂದಿಷ್ಟು ಮನೆ, ಆಮೇಲೆ ಬರೀ ಹೊಲ, ಹುಲ್ಲುಗಾವಲು, ಗಿಡದ ಬೇಲಿ. 1965ರಲ್ಲಿ ಇದು ಗ್ರೇಟರ್ ಲಂಡನ್ನಿಗೆ ಸೇರಿತು. ಪಕ್ಕದ ನಾಕ್‌ಹೋಲ್ಟ್‌ನವರು ಹಟ ಹಿಡಿದು 1969ರಲ್ಲಿ ಕೆಂಟ್‌ಗೇ ವಾಪಸ್ಸಾದರು. (ಬಸ್ಸು ತಪ್ಪಿದರೆ ಬಹಳ ಹೊತ್ತು ಕಾಯಬೇಕು, ತಿಂಡಿ ಕಟ್ಟಿಕೊಂಡು ಹೋಗಿ.)

ಚಾರ್ಲ್ಸ್ ಡಾರ್ವಿನ್ 1842ರಿಂದ 1882ರಲ್ಲಿ ಸಾಯುವ ತನಕ ಇದ್ದದ್ದು ಈ ಊರಿನಲ್ಲೇ. ಅವರ ಮನೆ ನೋಡಲು ಟಿಕೆಟ್ ಬೇಕು, ಕಾಲುದಾರಿಗಳಲ್ಲಿ ನಡೆಯಲು ಬೇಡ. ನಾವು ನಡೆದೆವು. ನಡೆಯುತ್ತಾ ಅವನಿಗೆ ಎರೆಹುಳುವಿನ ಕಥೆ ಹೇಳಿದೆ. 1842ರ ಡಿಸೆಂಬರಿನಲ್ಲಿ ಡಾರ್ವಿನ್ ಮನೆ ಹತ್ತಿರದ ಹೊಲವೊಂದರ ಮೇಲೆ ಸುಣ್ಣಕಲ್ಲಿನ ಚೂರು ಹರಡಿಸಿದರು. 29 ವರ್ಷ ಕಾದು 1871ರಲ್ಲಿ ಅಗೆಸಿ ನೋಡಿದರೆ ಆ ಬಿಳಿ ಗೆರೆ ಏಳು ಇಂಚು ಕೆಳಗಿತ್ತು. ಎರೆಹುಳುಗಳು ಮಣ್ಣು ತಿಂದು ಮೇಲೆ ತಂದು ಹಾಕಿ ಹಾಕಿ ಕಲ್ಲನ್ನೇ ಮುಳುಗಿಸಿದ್ದವು. ಮೂರು ವರ್ಷದ ಗ್ರಾಂಟಿಗೆ ಒದ್ದಾಡುವ ನನಗೆ ಆ 29 ವರ್ಷ ಹೊಟ್ಟೆಯುರಿ ತರಿಸುತ್ತದೆ. ಹುಡುಗನಿಗೆ ಹಿಡಿಸಿದ್ದು ಬೇರೆ. ಹುಳುವಿಗೆ ಕಿವಿ ಕೇಳಿಸುತ್ತದೋ ಎಂದು ಡಾರ್ವಿನ್ ಅದರ ಮುಂದೆ ಬಸೂನ್ ಊದಿಸಿದ್ದರು, ಹುಳು ಕ್ಯಾರೇ ಅನ್ನಲಿಲ್ಲ. ಕುಂಡವನ್ನು ಪಿಯಾನೋ ಮೇಲಿಟ್ಟು ಒಂದು ಸ್ವರ ಬಾರಿಸಿದಾಗ ಮಾತ್ರ ಸರಕ್ಕನೆ ಬಿಲದೊಳಗೆ ಹೋಯಿತು.

ಪದ ಕಲಿಸುವ ಗೋಜಿಗೆ ನಾನು ಹೋಗಲಿಲ್ಲ, ನೀವೂ ಹೋಗಬೇಡಿ. ಹೊಲ, ಬೇಲಿ, ಎರೆಹುಳು ಎಂದು ಮಾತಿನ ನಡುವೆ ಅಂದುಕೊಂಡು ನಡೆದೆ, ಅಷ್ಟೇ. ಹುಲ್ಲಿನ ಮೇಲೆ ಹುಳು ಬಿಟ್ಟ ಮಣ್ಣಿನ ಸುರುಳಿ ತೋರಿಸಿ "ಇದಕ್ಕೆ ಕನ್ನಡದಲ್ಲಿ ಏನಮ್ಮಾ?" ಅಂದ. ಪಿಎಚ್‌ಡಿ ಮಾಡಿದ ನನಗೆ ಹೊಳೆಯಲಿಲ್ಲ. "ತಾತನನ್ನೇ ಕೇಳೋಣ."

ಆ ಭಾನುವಾರ ಅವನೇ ಫೋನು ಹಿಡಿದ. "ತಾತ, ಇಲ್ಲಿ ಹೊಲ ಇದೆ. ಗದ್ದೆ ಇಲ್ಲ. ಎರೆಹುಳು ಪೂಪ್‌ಗೆ ಏನಂತಾರೆ?"

ತಾತ ನಕ್ಕೂ ನಕ್ಕೂ ಕೆಮ್ಮಿದರು. "ಹಿಕ್ಕೆ ಅಂತಾರೆ ಮಗ. ಹಿಕ್ಕೆ ಇದ್ರೆ ಹೊಲ ಚೆನ್ನಾಗಿದೆ ಅಂತ." ಆಮೇಲೆ ಸ್ವಲ್ಪ ಸುಮ್ಮನಿದ್ದು, "ನಮ್ಮ ರಾಗಿ ಹೊಲದಲ್ಲಿ ಈಗ ಹುಳ ಕಾಣೋದೇ ಕಮ್ಮಿ ಆಗೋಯ್ತು" ಅಂದರು.

"ಯಾಕೆ ತಾತ?"

ನಾನು ಸಾರಿಗೆ ಒಗ್ಗರಣೆ ಹಾಕಿ, ತಟ್ಟೆ ಇಟ್ಟು, ಎರಡು ಸಲ ಊಟಕ್ಕೆ ಕರೆದೆ. ಇಬ್ಬರಿಗೂ ಕೇಳಿಸಲಿಲ್ಲ.