ಕಾರು ಮಾರಿದರೂ ಮಾಲೀಕತ್ವ ಬಿಡದೇಕೆ?

ಮಂಡ್ಯ: ಹಳೆಯ ಕಾರಿನ ವ್ಯಾಪಾರ ಹೇಗೆ ನಡೆಯುತ್ತದೆಂಬುದು ಮಂಡ್ಯ, ಮದ್ದೂರು, ಮಳವಳ್ಳಿಯವರಿಗೆ ಹೇಳಿಕೊಡಬೇಕಾಗಿಲ್ಲ, ರಾಜ್ಯದ ಉಳಿದೆಡೆಯೂ ಅದೇ ರೀತಿ. ಮುಂಗಡ ಕೈಸೇರುತ್ತದೆ. ಮಾಲೀಕರು ನಮೂನೆ 29 ಮತ್ತು 30ಕ್ಕೆ ಸಹಿ ಹಾಕಿಕೊಡುತ್ತಾರೆ. ಕೊಳ್ಳುವವರ ಹೆಸರಿನ ಜಾಗ ಮಾತ್ರ ಖಾಲಿ. ಮಧ್ಯವರ್ತಿಯ ಅಂಗಳ ಸೇರಿದ ಕಾರು ಮುಂದೆ ಯಾರ ಪಾಲಾಯಿತೆಂಬುದು ಎಷ್ಟೋ ಮಂದಿಗೆ ತಿಳಿಯುವುದು ಸಂಚಾರ ಪೊಲೀಸರ ದಂಡದ ನೋಟಿಸು ಮನೆಗೆ ಬಂದಾಗಲೇ.

ದಂಡವಾದರೆ ಕಟ್ಟಿ ಸುಮ್ಮನಾಗಬಹುದು, ಅಪಘಾತವಾದರೆ? 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ, ಯಾರ ಹೆಸರಿನಲ್ಲಿ ನೋಂದಣಿಯಿದೆಯೋ ಅವರೇ ಮಾಲೀಕರು. ಕೈಯಿಂದ ಕೈಗೆ ಮಾರಾಟವಾಗಿ ಕೊನೆಗೆ ಅಪಘಾತವೆಸಗಿದ ಕಾರೊಂದರ ಪ್ರಕರಣದಲ್ಲಿ (ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್, 2018) ಸುಪ್ರೀಂ ಕೋರ್ಟ್, ದಾಖಲೆಯಲ್ಲಿ ಹೆಸರು ಉಳಿದಿದ್ದವರನ್ನೇ ಪರಿಹಾರಕ್ಕೆ ಹೊಣೆಯಾಗಿಸಿತು. ಕಾರನ್ನು ಎಂದೋ ಮಾರಿದ್ದೇನೆ ಎಂಬ ವಾದ ನಿಲ್ಲಲಿಲ್ಲ.

ಈ ಕತ್ತಲನ್ನು ನಿವಾರಿಸಲೆಂದೇ ಕೇಂದ್ರ ಸರ್ಕಾರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದಿತು. 2023ರ ಏಪ್ರಿಲ್ 1ರಿಂದ ಅದು ಜಾರಿಯಲ್ಲಿದೆ. ಹಳೆಯ ವಾಹನ ಮಾರುವ ವ್ಯಾಪಾರಿಯು ನೋಂದಣಿ ಪ್ರಾಧಿಕಾರದಿಂದ 5 ವರ್ಷ ಅವಧಿಯ ಅಧಿಕಾರಪತ್ರ ಪಡೆಯಬೇಕು. ಕಾರು ಒಪ್ಪಿಸುವಾಗ ಮಾಲೀಕರು ಮತ್ತು ವ್ಯಾಪಾರಿ ಇಬ್ಬರೂ ನಮೂನೆ 29ಸಿ ಮೂಲಕ ಆನ್‌ಲೈನಿನಲ್ಲಿ ತಿಳಿಸಬೇಕು. ಅಲ್ಲಿಂದ ಮುಂದೆ ಕಾನೂನಿನ ಕಣ್ಣಿನಲ್ಲಿ ವ್ಯಾಪಾರಿಯೇ ಮಾಲೀಕ. ಪರೀಕ್ಷಾರ್ಥ ಓಡಾಟ, ಪ್ರದರ್ಶನ, ದುರಸ್ತಿಯಂಥ ಕಾರಣಗಳಿಗಲ್ಲದೆ ಆ ಕಾರನ್ನು ಆತ ರಸ್ತೆಗಿಳಿಸುವಂತಿಲ್ಲ. ಪ್ರತಿ ಓಡಾಟಕ್ಕೂ ಲೆಕ್ಕವಿಡಬೇಕು. ಅಧಿಕಾರಪತ್ರವಿಲ್ಲದವರಿಗೆ ಕೀಲಿಕೈ ಕೊಟ್ಟರೆ ಈ ರಕ್ಷಣೆ ಯಾವುದೂ ಸಿಗದು. ಪರಿಚಯದವರು ಎಂಬ ದಾಕ್ಷಿಣ್ಯ ಇಲ್ಲಿ ದುಬಾರಿ.

ಕೊಳ್ಳುವವರು ಹಣ ಕೊಡುವ ಮೊದಲು ಪರಿವಾಹನ್ ಜಾಲತಾಣದಲ್ಲಿ ವಾಹನದ ಸಂಖ್ಯೆ ಹಾಕಿ ನೋಡುವುದು ಒಳಿತು. ಸಾಲದ ನಮೂದು ಇದ್ದರೆ ಬ್ಯಾಂಕಿನ ನಿರಾಕ್ಷೇಪಣಾ ಪತ್ರ ಮತ್ತು ನಮೂನೆ 35 ಕೇಳಬೇಕು. ಮಾಲೀಕರ ಹೆಸರಿನ ಅಕ್ಷರಗಳನ್ನು ತಾಣದಲ್ಲಿ ಭಾಗಶಃ ಮರೆಮಾಡಿರುವುದರಿಂದ ಮೂಲ ಆರ್‌ಸಿ ನೋಡದೆ ಮುಂದುವರಿಯಬಾರದು. ರಾಜ್ಯದೊಳಗಿನ ಮಾರಾಟವನ್ನು ಮಾರಿದವರು 14 ದಿನಗಳಲ್ಲಿ, ಕೊಂಡವರು 30 ದಿನಗಳಲ್ಲಿ ಆರ್‌ಟಿಒಗೆ ತಿಳಿಸಬೇಕು. ವಿಮೆಯ ಹೆಸರು ಬದಲಾವಣೆಗೂ 14 ದಿನಗಳ ಗಡುವಿದೆ.

ಹೊಸ ಕಾರಿನ ಮಳಿಗೆಯಲ್ಲಿ ಪ್ರಶ್ನೆ ಬೇರೆ. ಫಲಕದ ಮೇಲೆ ಕಾಣುವುದು ತಯಾರಕ ಕಂಪೆನಿಯ ಹೆಸರು. ಬಿಲ್ಲಿನಲ್ಲಿರುವುದು ಡೀಲರ್ ಸಂಸ್ಥೆಯ ಹೆಸರು. ಈ ವ್ಯತ್ಯಾಸ ಎಷ್ಟು ಮುಖ್ಯವೆಂಬುದು ಗೋವಾದ ಗ್ರಾಹಕರೊಬ್ಬರ ಪ್ರಕರಣದಲ್ಲಿ ಕಂಡಿತು. 2011ರ ಮಾದರಿಗೆ ಹಣ ಕೊಟ್ಟ ಅವರಿಗೆ ಸಿಕ್ಕಿದ್ದು 2009ರಲ್ಲಿ ತಯಾರಾದ ಕಾರು. ಡೀಲರ್‌ನ ಈ ಕೃತ್ಯ ತಯಾರಕರಿಗೆ ತಿಳಿದಿತ್ತೆಂಬುದಕ್ಕೆ ಪುರಾವೆಯಿಲ್ಲದೆ ಟಾಟಾ ಮೋಟಾರ್ಸನ್ನು ಹೊಣೆ ಮಾಡಲಾಗದೆಂದು ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿತು. ಆದ್ದರಿಂದ ಮುಂಗಡದ ರಸೀದಿಯಲ್ಲಿ ಯಾವ ಸಂಸ್ಥೆಯ ಹೆಸರಿದೆ, ವಿಳಾಸ ಎಲ್ಲಿಯದು, ಚಾಸಿ ಸಂಖ್ಯೆ ಮತ್ತು ತಯಾರಿಕೆಯ ತಿಂಗಳು ಬಿಲ್ಲಿನೊಡನೆ ಹೊಂದುತ್ತವೆಯೇ ಎಂದು ಅಲ್ಲೇ ನೋಡಿಕೊಳ್ಳಬೇಕು.

ಡೀಲರ್‌ನ ಮುಖ್ಯ ಕಚೇರಿ ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಇದ್ದರೂ ಮಳವಳ್ಳಿಯ ಗ್ರಾಹಕರು ಅಲ್ಲಿಗೆ ಅಲೆಯಬೇಕಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ತಾವು ವಾಸಿಸುವ ಜಿಲ್ಲೆಯಲ್ಲೇ, ಅಂದರೆ ಮಂಡ್ಯದ ಜಿಲ್ಲಾ ಗ್ರಾಹಕ ಆಯೋಗದಲ್ಲಿ ದೂರು ಕೊಡಬಹುದು. ಕೊಟ್ಟ ಬೆಲೆ 50 ಲಕ್ಷ ರೂಪಾಯಿ ಮೀರಿರಬಾರದು; 5 ಲಕ್ಷದವರೆಗೆ ಶುಲ್ಕವಿಲ್ಲ. ತಕರಾರು ಹುಟ್ಟಿದ 2 ವರ್ಷದೊಳಗೆ ದೂರು ಸಲ್ಲಿಸಬೇಕು. ಅದಕ್ಕೆ ಮೊದಲು ಸಲಹೆ ಬೇಕೆನಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.