ಬಟ್ಟೆಯ ಖರೀದಿ ಹಾಗೂ ಮುದ್ರಣಕ್ಕೆ ಮುನ್ನ ಮಾದರಿ ತುಂಡನ್ನು ಪಡೆಯುವ ಅಗತ್ಯ: ಅರ್ಜಿದಾರರಿಗೆ ಮಾಹಿತಿ

1. ಪೀಠಿಕೆ

ಹೊಲಿಗೆ ಘಟಕ, ಸಿದ್ಧ ಉಡುಪು ತಯಾರಿಕೆ, ಬಟ್ಟೆಯ ಮೇಲಿನ ಮುದ್ರಣ ಮುಂತಾದ ಉದ್ಯೋಗಗಳನ್ನು ಕೈಗೊಳ್ಳಲು ಸಾಲ ಅಥವಾ ಸಹಾಯಧನ ಕೋರಿ ಅರ್ಜಿ ಸಲ್ಲಿಸುವ ವ್ಯಕ್ತಿಗಳು, ಮಹಿಳಾ ಸ್ವಸಹಾಯ ಸಂಘಗಳು ಹಾಗೂ ಸಹಕಾರ ಸಂಘಗಳ ಅವಗಾಹನೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಇಂತಹ ಘಟಕಗಳ ದುಡಿಯುವ ಬಂಡವಾಳದಲ್ಲಿ ಗಣನೀಯ ಭಾಗವು ಬಟ್ಟೆಯ ಖರೀದಿಗೆ ವಿನಿಯೋಗವಾಗುತ್ತದೆ. ಯಂತ್ರ ಕೆಟ್ಟರೆ ದುರಸ್ತಿ ಮಾಡಿಸಬಹುದು. ಆದರೆ ಒಮ್ಮೆ ಕತ್ತರಿಸಿದ ಅಥವಾ ಮುದ್ರಿಸಿದ ಬಟ್ಟೆಯನ್ನು ಮೊದಲಿನ ಸ್ಥಿತಿಗೆ ತರಲಾಗದು. ಆದುದರಿಂದ ಪೂರ್ಣ ಪ್ರಮಾಣದ ಬೇಡಿಕೆ ಸಲ್ಲಿಸುವ ಮೊದಲು ಮಾದರಿ ತುಂಡನ್ನು, ಅಂದರೆ ವ್ಯಾಪಾರದ ಮಾತಿನಲ್ಲಿ ಸ್ಯಾಂಪಲ್ ಅನ್ನು, ಹಣ ಕೊಟ್ಟಾದರೂ ತರಿಸಿಕೊಂಡು ಪರೀಕ್ಷಿಸುವುದು ಅವಶ್ಯಕ.

2. ಒಂದು ನಿದರ್ಶನ

ಶಾಖೆಗೆ ಸಲ್ಲಿಕೆಯಾದ ಮನವಿಯೊಂದರ ಸಾರಾಂಶವನ್ನು, ಸಂಬಂಧಪಟ್ಟವರ ಹೆಸರುಗಳನ್ನು ಬಿಟ್ಟು, ಇಲ್ಲಿ ಕೊಡಲಾಗಿದೆ. ಹತ್ತು ಮಂದಿ ಸದಸ್ಯೆಯರ ಸಂಘವೊಂದು 300 ಶಾಲಾ ಅಂಗಿಗಳನ್ನು ಹೊಲಿದುಕೊಡಲು ಒಪ್ಪಿಕೊಂಡಿತ್ತು. ಅಂಗಿ ಮರೂನ್ ಬಣ್ಣದ್ದು, ಕಾಲರ್ ಬಿಳಿಯದು. ಮೊಬೈಲ್ ದೂರವಾಣಿಯಲ್ಲಿ ಬಂದ ಚಿತ್ರವನ್ನು ನೋಡಿ, ಮೀಟರಿಗೆ 110 ರೂಪಾಯಿಯಂತೆ 450 ಮೀಟರ್ ಮರೂನ್ ಬಟ್ಟೆಯನ್ನು 49,500 ರೂಪಾಯಿ ಕೊಟ್ಟು ತರಿಸಲಾಯಿತು. ಅಂಗಿಗಳು ಶಾಲೆಗೆ ತಲುಪಿದವು. ಮೊದಲನೆಯ ಒಗೆತದಲ್ಲಿಯೇ 60 ಸೆಂ.ಮೀ. ಉದ್ದದ ಅಂಗಿ 57 ಸೆಂ.ಮೀ.ಗೆ ಕುಗ್ಗಿತು, ಮರೂನ್ ಬಣ್ಣ ಬಿಟ್ಟು ಬಿಳಿ ಕಾಲರ್ ಗುಲಾಬಿಯಾಯಿತು. ಶಾಲೆಯವರು ಅಂಗಿಗಳನ್ನು ಹಿಂದಿರುಗಿಸಿದರು.

ಮಾರಾಟಗಾರರು, ತಾವು ತೋರಿಸಿದ ಬಟ್ಟೆಯನ್ನೇ ಕಳುಹಿಸಿರುವುದಾಗಿ ತಿಳಿಸಿದರು. ಸಂಘದ ಕಡತದಲ್ಲಿ ಬಿಲ್ಲು ಇತ್ತು, ಲಾರಿ ರಸೀದಿ ಇತ್ತು. ಬಿಲ್ಲಿನಲ್ಲಿ ಇದ್ದ ವಿವರಣೆ "ಯೂನಿಫಾರಂ ಬಟ್ಟೆ" ಎಂದಷ್ಟೇ. ಬಂದ ಸರಕನ್ನು ಯಾವುದರೊಂದಿಗೆ ಹೋಲಿಸಿ ನೋಡಬೇಕು ಎಂಬ ಪ್ರಶ್ನೆಗೆ ಉತ್ತರವಿರಲಿಲ್ಲ. ಸಂಘದವರ ದೂರು ಸುಳ್ಳಲ್ಲ ಎಂಬುದು ಅಂಗಿಗಳನ್ನು ನೋಡಿದ ಯಾರಿಗಾದರೂ ತಿಳಿಯುತ್ತಿತ್ತು. ಆದರೆ ದೂರನ್ನು ಸ್ಥಾಪಿಸುವ ಆಧಾರವಿರಲಿಲ್ಲ. ಸಾಲದ ಕಂತುಗಳು ಮಾತ್ರ ಎಂದಿನಂತೆ ಬರುತ್ತಿದ್ದವು. ಒಂದು ಮೀಟರ್ ಮಾದರಿ ತರಿಸಿ ಒಗೆದು ನೋಡಿದ್ದರೆ 110 ರೂಪಾಯಿ ಹಾಗೂ ಅಂಚೆ ವೆಚ್ಚದಲ್ಲಿ ಈ ನಷ್ಟವನ್ನು ತಪ್ಪಿಸಬಹುದಾಗಿತ್ತು.

3. ಚಿತ್ರವನ್ನು ನಂಬಿ ಖರೀದಿಸಬಾರದೇಕೆ?

(ಅ) ಪರದೆಯ ಮೇಲಿನ ಬಣ್ಣವು ಬೆಳಕಿನಿಂದ ಮೂಡುವಂತಹುದು. ಬಟ್ಟೆಯ ಬಣ್ಣವು ಎಳೆಯೊಳಗೆ ಇಳಿದ ಬಣ್ಣದ್ರವ್ಯದಿಂದ ಮೂಡುವಂತಹುದು. ಒಂದೇ ಚಿತ್ರವು ಎರಡು ದೂರವಾಣಿಗಳಲ್ಲಿ ಎರಡು ಬಗೆಯಾಗಿ ಕಾಣುವುದುಂಟು.

(ಆ) ಬಟ್ಟೆಯ ತೂಕ, ಮೃದುತ್ವ, ಪಾರದರ್ಶಕತೆ ಮತ್ತು ಇಳಿಬೀಳುವ ರೀತಿ ಚಿತ್ರದಲ್ಲಿ ತಿಳಿಯುವುದಿಲ್ಲ. ಗಂಜಿ ಹಾಕಿದ ತೆಳುಬಟ್ಟೆಯು ಕೈಗೆ ದಪ್ಪವಾಗಿ ತೋರುತ್ತದೆ. ಗಂಜಿ ಹೋದ ಮೇಲೆ ಅದರ ನಿಜಸ್ವರೂಪ ಹೊರಬೀಳುತ್ತದೆ.

(ಇ) ಒಂದೇ ಬಣ್ಣವನ್ನು ಬೇರೆ ಬೇರೆ ಸಲ ಹಾಕಿದಾಗ ಛಾಯೆಯಲ್ಲಿ ವ್ಯತ್ಯಾಸ ಬರುವುದು ಸಹಜ. ಒಂದು ಲಾಟಿನ ಬಟ್ಟೆಯಿಂದ ಅಂಗಿಯ ಬೆನ್ನನ್ನೂ ಇನ್ನೊಂದು ಲಾಟಿನಿಂದ ತೋಳನ್ನೂ ಹೊಲಿದಾಗ ಈ ವ್ಯತ್ಯಾಸ ಎದ್ದು ಕಾಣುತ್ತದೆ.

(ಈ) ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಒಂದೇ ಎನಿಸಿದ ಎರಡು ಬಣ್ಣಗಳು ಹಗಲಿನ ಬೆಳಕಿನಲ್ಲಿ ಬೇರೆಯಾಗಿ ಕಾಣಬಹುದು. ಮಾದರಿಯನ್ನು ಎರಡೂ ಬೆಳಕಿನಲ್ಲಿ ನೋಡತಕ್ಕದ್ದು.

4. ಮಾದರಿಯನ್ನು ಕೇಳುವ ಕ್ರಮ

ಅಂಗಡಿಗಳಲ್ಲಿ ಪುಸ್ತಕದಂತೆ ಜೋಡಿಸಿಟ್ಟಿರುವ ಅಂಗೈಯಗಲದ ತುಂಡುಗಳು ಬಣ್ಣವನ್ನು ಆರಿಸಲು ಮಾತ್ರ ಉಪಯುಕ್ತ; ಪರೀಕ್ಷೆಗೆ ಸಾಲವು. ಪೂರ್ಣ ಪನ್ನಾ ಇರುವ ಕನಿಷ್ಠ ಒಂದು ಮೀಟರ್ ಉದ್ದದ ತುಂಡನ್ನು, ಎರಡೂ ಅಂಚುಗಳಿರುವಂತೆ, ಕೇಳಿ ಪಡೆಯುವುದು ಸೂಕ್ತ. ಸರಬರಾಜು ಮಾಡಲಿರುವ ಲಾಟಿನಿಂದಲೇ ತುಂಡನ್ನು ಕತ್ತರಿಸಿ ಕಳುಹಿಸಲು ಕೋರತಕ್ಕದ್ದು. ಜೊತೆಯಲ್ಲಿ ಈ ಕೆಳಕಂಡ ವಿವರಗಳನ್ನು ಲಿಖಿತವಾಗಿ ಪಡೆಯಬೇಕು:

- ನೂಲಿನ ವಿಧ ಮತ್ತು ಮಿಶ್ರಣವಿದ್ದಲ್ಲಿ ಶೇಕಡಾವಾರು ಪ್ರಮಾಣ
- ಹಾಸು ಮತ್ತು ಹೊಕ್ಕಿನ ನೂಲಿನ ನಂಬರ್, ಒಂದು ಅಂಗುಲದಲ್ಲಿರುವ ಎಳೆಗಳ ಸಂಖ್ಯೆ
- ಪನ್ನಾ ಹಾಗೂ ಒಂದು ಚದರ ಮೀಟರಿನ ತೂಕ
- ಲಾಟ್ ಸಂಖ್ಯೆ, ದರ ಮತ್ತು ಲಭ್ಯವಿರುವ ಒಟ್ಟು ಮೀಟರುಗಳು

ಇಷ್ಟು ವಿವರ ಅತಿಯಾಯಿತೆಂದು ಭಾವಿಸಬೇಕಾಗಿಲ್ಲ. ಹುಬ್ಬಳ್ಳಿಯ ಬೆಂಗೇರಿಯಲ್ಲಿರುವ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದ ಘಟಕದಲ್ಲಿ ರಾಷ್ಟ್ರಧ್ವಜವನ್ನು ಭಾರತೀಯ ಮಾನಕ ಬ್ಯೂರೋದ ಐ.ಎಸ್. 1 ಮಾನಕದಂತೆ ತಯಾರಿಸಲಾಗುತ್ತದೆ. ಬಟ್ಟೆಯ ನೇಯ್ಗೆ, ಬಣ್ಣ, ಅಳತೆ ಎಲ್ಲವೂ ಅಲ್ಲಿ ನಿಗದಿತವಾಗಿರುತ್ತವೆ. "ಒಳ್ಳೆಯ ಬಟ್ಟೆ" ಎಂಬ ಮಾತನ್ನು ಅಳೆಯಲಾಗದು. ಎಳೆಯ ಸಂಖ್ಯೆಯನ್ನು ಎಣಿಸಬಹುದು.

5. ಮನೆಯಲ್ಲಿಯೇ ಮಾಡಬಹುದಾದ ಪರೀಕ್ಷೆಗಳು

ಮೊದಲು ಮಾದರಿಯಿಂದ ಸುಮಾರು 25 ಸೆಂ.ಮೀ. ಅಗಲದ ತುಂಡೊಂದನ್ನು ಕತ್ತರಿಸಿ, ಒಗೆಯದೆ, ಬಿಸಿಲು ತಾಗದಂತೆ ತೆಗೆದಿರಿಸಿ. ಉಳಿದ ಭಾಗವನ್ನು ಪರೀಕ್ಷೆಗೆ ಬಳಸಿ.

(1) ಕುಗ್ಗುವಿಕೆ: ಹಾಸಿನ ದಿಕ್ಕಿನಲ್ಲಿಯೂ ಹೊಕ್ಕಿನ ದಿಕ್ಕಿನಲ್ಲಿಯೂ 50 ಸೆಂ.ಮೀ. ಅಳೆದು ಬಣ್ಣದ ದಾರದಿಂದ ಗುರುತು ಹಾಕಿ. ಸಿದ್ಧ ಉಡುಪನ್ನು ಯಾವ ರೀತಿ ಒಗೆಯುವರೋ ಅದೇ ರೀತಿ ಒಗೆದು, ಒಣಗಿಸಿ, ಮತ್ತೆ ಅಳೆಯಿರಿ. 50 ಸೆಂ.ಮೀ. ಇದ್ದುದು 48 ಆದರೆ ಕುಗ್ಗುವಿಕೆ ಶೇ. 4. ಎರಡು ಅಥವಾ ಮೂರು ಸಲ ಒಗೆದು ನೋಡುವುದು ಉತ್ತಮ. ಕುಗ್ಗುವ ಬಟ್ಟೆಯನ್ನೆಲ್ಲ ತಿರಸ್ಕರಿಸಬೇಕೆಂದಿಲ್ಲ. ಪ್ರಮಾಣ ಮೊದಲೇ ತಿಳಿದಿದ್ದರೆ ಬಟ್ಟೆಯನ್ನು ನೆನೆಸಿ ಒಣಗಿಸಿದ ನಂತರ ಕತ್ತರಿಸಬಹುದು, ಬೇಕಾಗುವ ಮೀಟರುಗಳನ್ನೂ ಅದಕ್ಕೆ ತಕ್ಕಂತೆ ಲೆಕ್ಕ ಹಾಕಬಹುದು.

(2) ಬಣ್ಣದ ಗಟ್ಟಿತನ: ಮಾದರಿಯ ಚಿಕ್ಕ ತುಂಡಿಗೆ ಬಿಳಿ ಹತ್ತಿ ಬಟ್ಟೆಯನ್ನು ಹೊಲಿದು ಸಾಬೂನಿನ ನೀರಿನಲ್ಲಿ ಒಗೆಯಿರಿ. ಇನ್ನೊಂದು ತುಂಡನ್ನು ಬಿಳಿ ಬಟ್ಟೆಯಿಂದ ಒಣಗಿರುವಾಗ ಹತ್ತು ಸಲ, ಒದ್ದೆಯಾಗಿರುವಾಗ ಹತ್ತು ಸಲ ಉಜ್ಜಿ ನೋಡಿ. ಕೆಂಪು, ಮರೂನ್, ಕಡುನೀಲಿ ಮತ್ತು ಕಪ್ಪು ಬಣ್ಣಗಳ ವಿಷಯದಲ್ಲಿ ಈ ಪರೀಕ್ಷೆಯನ್ನು ಕೈಬಿಡಬಾರದು. ಪ್ರಯೋಗಾಲಯದ ವರದಿಯಲ್ಲಿ ಒಗೆತ ಮತ್ತು ಉಜ್ಜುವಿಕೆಗೆ ಬಣ್ಣದ ಗಟ್ಟಿತನವನ್ನು 1ರಿಂದ 5ರವರೆಗಿನ ಅಂಕದಲ್ಲಿ ಸೂಚಿಸುತ್ತಾರೆ; 5 ಅತ್ಯುತ್ತಮ. ಬೆಳಕಿಗೆ ಗಟ್ಟಿತನವನ್ನು 1ರಿಂದ 8ರವರೆಗೆ ಸೂಚಿಸುವ ಕ್ರಮವಿದ್ದು, ಅಲ್ಲಿ 8 ಅತ್ಯುತ್ತಮ.

(3) ತೂಕ: 10 ಸೆಂ.ಮೀ. ಉದ್ದ, 10 ಸೆಂ.ಮೀ. ಅಗಲದ ತುಂಡನ್ನು ಚಿನ್ನಬೆಳ್ಳಿ ಅಂಗಡಿಯ ತಕ್ಕಡಿಯಂತಹ ಸೂಕ್ಷ್ಮ ತಕ್ಕಡಿಯಲ್ಲಿ ತೂಗಿ, ಬಂದ ಗ್ರಾಂ ಸಂಖ್ಯೆಯನ್ನು 100ರಿಂದ ಗುಣಿಸಿದರೆ ಒಂದು ಚದರ ಮೀಟರಿನ ತೂಕ ದೊರೆಯುತ್ತದೆ. 1.2 ಗ್ರಾಂ ತೂಗಿದರೆ ಅದು 120 ಗ್ರಾಂ ಬಟ್ಟೆ.

(4) ನೂಲಿನ ವಿಧ: ಅಂಚಿನಿಂದ ಕೆಲವು ಎಳೆಗಳನ್ನು ಬಿಡಿಸಿ, ಲೋಹದ ತಟ್ಟೆಯ ಮೇಲೆ ಇಕ್ಕಳದಲ್ಲಿ ಹಿಡಿದು ಸುಟ್ಟು ನೋಡಬಹುದು. ಹತ್ತಿಯು ಕಾಗದ ಸುಟ್ಟ ವಾಸನೆ ಕೊಟ್ಟು ಮೃದುವಾದ ಬೂದಿಯಾಗುತ್ತದೆ. ರೇಷ್ಮೆಯು ಕೂದಲು ಸುಟ್ಟ ವಾಸನೆ ಕೊಡುತ್ತದೆ, ಅದರ ಬೂದಿಯು ಬೆರಳಲ್ಲಿ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಹಾಸು ಮತ್ತು ಹೊಕ್ಕಿನ ಎಳೆಗಳನ್ನು ಪ್ರತ್ಯೇಕವಾಗಿ ಪರೀಕ್ಷಿಸಬೇಕು. ಮಿಶ್ರ ನೂಲಿನ ಪ್ರಮಾಣವನ್ನು ಈ ವಿಧಾನದಿಂದ ತಿಳಿಯಲಾಗದು. ಅದಕ್ಕೆ ಪ್ರಯೋಗಾಲಯವೇ ಬೇಕು.

6. ಮುದ್ರಣಕ್ಕೆ ಕೊಡುವ ಮುನ್ನ

ಬಣ್ಣದ್ರವ್ಯವು ನೂಲಿನ ವಿಧಕ್ಕೆ ಹೊಂದತಕ್ಕದ್ದು. ಹತ್ತಿಗೆ ಸಾಮಾನ್ಯವಾಗಿ ರಿಯಾಕ್ಟಿವ್ ಅಥವಾ ಪಿಗ್ಮೆಂಟ್ ಬಣ್ಣಗಳನ್ನೂ ಪಾಲಿಯೆಸ್ಟರಿಗೆ ಡಿಸ್ಪರ್ಸ್ ಬಣ್ಣಗಳನ್ನೂ ಬಳಸುತ್ತಾರೆ. ಕಾಗದದಿಂದ ಶಾಖದ ಮೂಲಕ ಬಟ್ಟೆಗೆ ಇಳಿಸುವ ಸಬ್ಲಿಮೇಷನ್ ಮುದ್ರಣವು ಪಾಲಿಯೆಸ್ಟರ್ ಮೇಲೆ ಚೆನ್ನಾಗಿ ನಿಲ್ಲುತ್ತದೆ. ಶುದ್ಧ ಹತ್ತಿಯ ಮೇಲೆ ನೇರವಾಗಿ ಮಾಡಿದಲ್ಲಿ ಒಗೆತದಲ್ಲಿ ಮಾಸಿಹೋಗುತ್ತದೆ. "ಹತ್ತಿ" ಎಂದು ಕೊಂಡ ಬಟ್ಟೆಯಲ್ಲಿ ಪಾಲಿಯೆಸ್ಟರ್ ಬೆರೆತಿದ್ದರೆ ರಿಯಾಕ್ಟಿವ್ ಬಣ್ಣವು ಹತ್ತಿಯ ಎಳೆಗಷ್ಟೇ ಹಿಡಿದು, ಛಾಯೆ ಪೇಲವವಾಗುತ್ತದೆ. ಗಂಜಿ, ಎಣ್ಣೆ ಅಂಶಗಳನ್ನು ತೆಗೆಯದ ಬಟ್ಟೆಯ ಮೇಲೆ ಬಣ್ಣ ಸಮನಾಗಿ ಹರಡುವುದಿಲ್ಲ.

ಆದುದರಿಂದ ಮುದ್ರಕರಲ್ಲಿ ಪ್ರಯೋಗ ಮುದ್ರಣವನ್ನು ಕೇಳಿ ಪಡೆಯಬೇಕು. ಉದ್ಯಮದಲ್ಲಿ ಇದನ್ನು ಸ್ಟ್ರೈಕ್ ಆಫ್ ಎಂದೂ, ಬಣ್ಣ ಹಾಕುವಲ್ಲಿ ಇಂತಹುದೇ ಪ್ರಯೋಗದ ತುಂಡನ್ನು ಲ್ಯಾಬ್ ಡಿಪ್ ಎಂದೂ ಕರೆಯುತ್ತಾರೆ. ಪ್ರಯೋಗ ಮುದ್ರಣವು ತಾವು ಕೊಡಲಿರುವ ಬಟ್ಟೆಯ ಮೇಲೆಯೇ, ಅದೇ ವಿಧಾನದಲ್ಲಿಯೇ ಆಗಿರಬೇಕು. ಕಾಗದದ ಮೇಲಿನ ಪ್ರತಿಯನ್ನು ಒಪ್ಪಬಾರದು. ಬಣ್ಣವನ್ನು ಶಾಖ ಅಥವಾ ಹಬೆಯಿಂದ ನೆಲೆಗೊಳಿಸಿ ಒಗೆದ ನಂತರದ ತುಂಡನ್ನೇ ಅನುಮೋದಿಸಬೇಕು. ವಿನ್ಯಾಸದ ಅಳತೆ, ಅದು ಪುನರಾವರ್ತನೆಯಾಗುವ ಅಂತರ, ಬಣ್ಣದಿಂದ ಬಣ್ಣಕ್ಕೆ ಗೆರೆ ಕೂಡಿಬಂದಿದೆಯೇ, ಮುದ್ರಿಸಿದ ಭಾಗ ಬಿರುಸಾಗಿದೆಯೇ ಎಂಬುದನ್ನು ಪರಿಶೀಲಿಸತಕ್ಕದ್ದು.

7. ಕೈಮಗ್ಗದ ಬಟ್ಟೆಗೆ ಸಂಬಂಧಿಸಿದಂತೆ

ಕೈಮಗ್ಗದ ನೇಯ್ಗೆಯಲ್ಲಿ ಎಳೆಯ ದಪ್ಪ ಮತ್ತು ಬಿಗಿಯಲ್ಲಿ ಅಲ್ಪ ವ್ಯತ್ಯಾಸವಿರುವುದು ಸ್ವಾಭಾವಿಕ. ಅದನ್ನು ದೋಷವೆಂದು ಎಣಿಸಿ ನೇಕಾರರಿಂದ ಹಣ ಕಡಿತ ಮಾಡುವುದು ನ್ಯಾಯವಲ್ಲ. ಮಾದರಿಯನ್ನು ಮೊದಲೇ ನೋಡಿ ಒಪ್ಪಿದಲ್ಲಿ ಇಂತಹ ವಿವಾದಕ್ಕೆ ಆಸ್ಪದವಿರುವುದಿಲ್ಲ. ಮಾದರಿಯು ಕೊಳ್ಳುವವರಿಗೆ ರಕ್ಷಣೆಯಾಗಿರುವಂತೆಯೇ ನೇಯುವವರಿಗೂ ರಕ್ಷಣೆಯಾಗಿದೆ.

2004ರಲ್ಲಿ ಜಾರಿಗೆ ಬಂದ ಸಿಲ್ಕ್ ಮಾರ್ಕ್ ಗುರುತು ಬಟ್ಟೆಯು ಅಪ್ಪಟ ರೇಷ್ಮೆಯದೆಂಬುದನ್ನು, 2006ರಲ್ಲಿ ಜಾರಿಗೆ ಬಂದ ಹ್ಯಾಂಡ್‌ಲೂಮ್ ಮಾರ್ಕ್ ಗುರುತು ಬಟ್ಟೆಯು ಕೈಮಗ್ಗದ್ದೆಂಬುದನ್ನು ಸೂಚಿಸುತ್ತವೆ. ಕುಗ್ಗುವಿಕೆ ಹಾಗೂ ಬಣ್ಣದ ಗಟ್ಟಿತನದ ಪರೀಕ್ಷೆಗೆ ಇವು ಬದಲಿಯಲ್ಲ.

8. ಕಾನೂನಿನಲ್ಲಿ ಮಾದರಿಗಿರುವ ಸ್ಥಾನ

ಸರಕು ಮಾರಾಟ ಅಧಿನಿಯಮ, 1930ರ 17ನೇ ಪ್ರಕರಣವು ಮಾದರಿಯ ಮೇರೆಗೆ ನಡೆಯುವ ಮಾರಾಟಕ್ಕೆ ಸಂಬಂಧಿಸಿದೆ. ಇದರಂತೆ ಸರಕಿನ ಗುಣಮಟ್ಟವು ಮಾದರಿಗೆ ಸರಿಹೊಂದಿರಬೇಕು; ಖರೀದಿದಾರರಿಗೆ ಎರಡನ್ನೂ ಹೋಲಿಸಿ ನೋಡಲು ಯುಕ್ತ ಅವಕಾಶವಿರಬೇಕು; ಮಾದರಿಯನ್ನು ಸಾಮಾನ್ಯ ಎಚ್ಚರಿಕೆಯಿಂದ ಪರೀಕ್ಷಿಸಿದರೂ ಕಾಣಸಿಗದಂತಹ, ಸರಕನ್ನು ಮಾರಾಟಯೋಗ್ಯವಲ್ಲದಂತೆ ಮಾಡುವ ದೋಷ ಅದರಲ್ಲಿರಬಾರದು. 15ನೇ ಪ್ರಕರಣದಂತೆ, ಮಾದರಿ ಮತ್ತು ವಿವರಣೆ ಎರಡರ ಮೇರೆಗೂ ಮಾರಾಟವಾಗಿದ್ದಲ್ಲಿ ಸರಕು ಎರಡಕ್ಕೂ ಹೊಂದಬೇಕು.

ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಮಾದರಿಯನ್ನು ತೋರಿಸಿದ ಮಾತ್ರಕ್ಕೆ ಅದು ಮಾದರಿಯ ಮೇರೆಗಿನ ಮಾರಾಟವೆನಿಸುವುದಿಲ್ಲ. ಕರಾರಿನಲ್ಲಿ ಆ ಷರತ್ತು ಇರಬೇಕು. ಆದ್ದರಿಂದ ಬೇಡಿಕೆ ಪತ್ರದಲ್ಲಿ "ಉಭಯತ್ರರು ಸಹಿ ಮಾಡಿದ ಮಾದರಿ ತುಂಡಿನಂತೆ ಸರಬರಾಜು ಮಾಡತಕ್ಕದ್ದು" ಎಂದು ಬರೆಯಬೇಕು. ಒಗೆಯದೆ ತೆಗೆದಿರಿಸಿದ ತುಂಡನ್ನು ಎರಡು ಮಾಡಿ, ರಟ್ಟಿಗೆ ಅಂಟಿಸಿ, ದಿನಾಂಕ ಸಹಿತ ಇಬ್ಬರೂ ಸಹಿ ಮಾಡಿ, ಒಂದೊಂದನ್ನು ಇಟ್ಟುಕೊಳ್ಳುವುದು ಕ್ಷೇಮ. ಬಟ್ಟೆಯ ಉದ್ದೇಶವನ್ನೂ, ಉದಾಹರಣೆಗೆ "ದಿನವೂ ಒಗೆಯುವ ಶಾಲಾ ಸಮವಸ್ತ್ರಕ್ಕಾಗಿ" ಎಂದು, ನಮೂದಿಸಬೇಕು. ಉದ್ದೇಶವನ್ನು ತಿಳಿಸಿ ಮಾರಾಟಗಾರರ ಪರಿಣತಿಯನ್ನು ಅವಲಂಬಿಸಿದಲ್ಲಿ 16ನೇ ಪ್ರಕರಣದ ರಕ್ಷಣೆ ಕೋರಲು ಅನುಕೂಲವಾಗುತ್ತದೆ.

9. ಸರಕು ಬಂದಾಗ

ಕತ್ತರಿ ಹಾಕುವ ಮುನ್ನ ಪ್ರತಿ ತಾನಿನ ತುದಿಯನ್ನು ಮಾದರಿಯೊಂದಿಗೆ ಹಗಲು ಬೆಳಕಿನಲ್ಲಿ ಹೋಲಿಸಿ, ಪನ್ನಾ ಮತ್ತು ಉದ್ದವನ್ನು ಅಳೆದು, ಒಂದು ತುಂಡನ್ನು ಒಗೆದು ನೋಡಿ. ವ್ಯತ್ಯಾಸ ಕಂಡುಬಂದಲ್ಲಿ ಬಟ್ಟೆಯನ್ನು ಕತ್ತರಿಸದೆ ತಕ್ಷಣ ಲಿಖಿತವಾಗಿ ನಿರಾಕರಣೆಯನ್ನು ತಿಳಿಸಿ. ಒಪ್ಪಿಗೆಯೆಂದು ಪರಿಗಣಿತವಾಗುವಂತಹ ಕೃತ್ಯವೆಸಗಿದ ನಂತರ ಅಥವಾ ಯುಕ್ತ ಕಾಲ ಮೀರಿ ಸುಮ್ಮನಿದ್ದ ನಂತರ, ಸಾಮಾನ್ಯವಾಗಿ ನಷ್ಟ ಪರಿಹಾರ ಕೇಳಬಹುದೇ ಹೊರತು ಸರಕನ್ನು ತಿರಸ್ಕರಿಸುವ ಹಕ್ಕು ಉಳಿಯುವುದಿಲ್ಲ.

10. ಸಾಮಾನ್ಯವಾಗಿ ಉದ್ಭವಿಸುವ ಪ್ರಶ್ನೆಗಳು

ಪ್ರಶ್ನೆ: ಮಾದರಿಗೆ ಹಣ ಕೇಳುತ್ತಾರೆ. ಕೊಡಬೇಕೆ?
ಉತ್ತರ: ಕೊಡುವುದು ಲಾಭದಾಯಕ. ಬಿಲ್ಲು ಪಡೆಯಿರಿ. ಬೇಡಿಕೆ ಖಚಿತವಾದಲ್ಲಿ ಆ ಮೊತ್ತವನ್ನು ವಜಾ ಮಾಡುವಂತೆ ಕೋರಬಹುದು.

ಪ್ರಶ್ನೆ: ಸಮಯವಿಲ್ಲದಿದ್ದರೆ?
ಉತ್ತರ: ಮಾದರಿ ತರಿಸಿ ಒಗೆದು ನೋಡಲು ಬೇಕಾಗುವ ದಿನಗಳನ್ನು ಸೇರಿಸಿಯೇ ಗ್ರಾಹಕರಿಗೆ ಗಡುವನ್ನು ತಿಳಿಸಿ. ಅನಿವಾರ್ಯವಾದಲ್ಲಿ ಮೊದಲು ಒಂದು ತಾನನ್ನು ಮಾತ್ರ ತರಿಸಿ.

ಪ್ರಶ್ನೆ: ಸ್ವಯಂ ಉದ್ಯೋಗಿಗಳು ಗ್ರಾಹಕರ ಆಯೋಗಕ್ಕೆ ದೂರು ಸಲ್ಲಿಸಬಹುದೆ?
ಉತ್ತರ: ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರಂತೆ ವಾಣಿಜ್ಯ ಉದ್ದೇಶದ ಖರೀದಿಗೆ ಅವಕಾಶವಿಲ್ಲ. ಆದರೆ ಸ್ವಯಂ ಉದ್ಯೋಗದ ಮೂಲಕ ಜೀವನೋಪಾಯಕ್ಕಾಗಿ ಮಾತ್ರ ಖರೀದಿಸಿ ಸ್ವತಃ ಬಳಸಿದ ಸರಕು ವಾಣಿಜ್ಯ ಉದ್ದೇಶದ್ದೆಂದು ಪರಿಗಣಿತವಾಗುವುದಿಲ್ಲ. ತಾವು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ, ವ್ಯಾಜ್ಯಕಾರಣ ಉಂಟಾದ ಎರಡು ವರ್ಷಗಳೊಳಗೆ ದೂರು ಸಲ್ಲಿಸಬಹುದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.

11. ಕೊನೆಯದಾಗಿ

ಸಾಲ ಅಥವಾ ಸಹಾಯಧನದ ಅರ್ಜಿಯೊಂದಿಗೆ ದರಪಟ್ಟಿಗಳನ್ನು ಸಂಗ್ರಹಿಸುವಾಗ ಪ್ರತಿ ದರಪಟ್ಟಿಗೂ ಅದರ ಮಾದರಿ ತುಂಡನ್ನು ಲಗತ್ತಿಸಿಟ್ಟುಕೊಳ್ಳುವುದು ಒಳ್ಳೆಯ ರೂಢಿ. ಮೀಟರಿಗೆ ಐದು ರೂಪಾಯಿ ಕಡಿಮೆ ನಮೂದಿಸಿದವರ ಬಟ್ಟೆಯು ಐದು ಅಂಗುಲ ಕಡಿಮೆ ಪನ್ನಾ ಹೊಂದಿರುವುದು ಆಗ ಗೊತ್ತಾಗುತ್ತದೆ. ಮಾದರಿ, ಬೇಡಿಕೆ ಪತ್ರ, ಬಿಲ್ಲು ಇವು ಮೂರನ್ನೂ ಒಂದೇ ಕಡತದಲ್ಲಿರಿಸಿ, ಸಿದ್ಧ ಉಡುಪುಗಳು ಗ್ರಾಹಕರ ಕೈ ಸೇರಿ ಕೆಲವು ಒಗೆತಗಳು ಕಳೆಯುವವರೆಗೆ ಕಾಪಾಡಿಕೊಳ್ಳತಕ್ಕದ್ದು. ಹೆಚ್ಚಿನ ಮಾಹಿತಿಗಾಗಿ ತಮ್ಮ ಜಿಲ್ಲೆಯ ಕೈಮಗ್ಗ ಮತ್ತು ಜವಳಿ ಕಚೇರಿಯನ್ನು ಕೆಲಸದ ದಿನಗಳಲ್ಲಿ ಸಂಪರ್ಕಿಸಲು ಕೋರಲಾಗಿದೆ. ಬರುವಾಗ ಮಾದರಿ ತುಂಡನ್ನು ಜೊತೆಯಲ್ಲಿ ತರುವುದು.