ಆ ಫೋಟೊ ಡೌನ್‌ಲೋಡ್ ಮಾಡಿದ್ದಲ್ಲ

ನೋಟಿಸ್ ಬೋರ್ಡಿಗೆ ನಾನು ಹಾಕಿದ್ದ ಓರಿಯನ್ ನೀಹಾರಿಕೆಯ ಫೋಟೊ ನೋಡಿ ಕೆಲವರು "ಗೂಗಲ್‌ನಿಂದ ತೆಗೆದದ್ದು" ಎಂದರು. ಇನ್ನು ಕೆಲವರು "ಕಂಪ್ಯೂಟರಿನಲ್ಲಿ ಬಣ್ಣ ತುಂಬಿದ್ದಾನೆ" ಎಂದರು. ಎರಡನೆಯ ಮಾತಿಗೆ ಉತ್ತರ ಕೊಡಲೇಬೇಕು.

ಜನವರಿ ರಾತ್ರಿಗಳಲ್ಲಿ ಒಂದೇ ಸಾಲಿನಲ್ಲಿ ನಿಂತ ಮೂರು ನಕ್ಷತ್ರಗಳನ್ನು ನೀವೆಲ್ಲ ನೋಡಿರುತ್ತೀರಿ. ಅದು ಬೇಟೆಗಾರನ ಸೊಂಟಪಟ್ಟಿ. ಅದರ ಕೆಳಗೆ ತೂಗುವ ಖಡ್ಗದಲ್ಲಿ ಮಸುಕಾಗಿ ಕಾಣುವುದೇ ಈ ನೀಹಾರಿಕೆ. (ಇದೇ ರಾಶಿಯಲ್ಲಿ ಸೈಫ್ ಎಂಬ ನಕ್ಷತ್ರವಿದೆ. ಅರಬ್ಬಿಯಲ್ಲಿ ಸೈಫ್ ಎಂದರೆ ಖಡ್ಗ. ಉರ್ದು ಮನೆಯವನಾದ ನನಗೆ ಅದನ್ನು ಯಾರೂ ಹೇಳಿಕೊಡಬೇಕಾಗಲಿಲ್ಲ. ಆದರೆ ಆ ನಕ್ಷತ್ರ ಇರುವುದು ಮೊಣಕಾಲಿನ ಹತ್ತಿರ!) ಸುಮಾರು 1,300 ಜ್ಯೋತಿರ್ವರ್ಷ ದೂರದಲ್ಲಿರುವ ಈ ಮೋಡದಲ್ಲಿ ಹೆಚ್ಚಿನದು ಹೈಡ್ರೋಜನ್. ಒಳಗೆ ಹುಟ್ಟಿದ ಬಿಸಿ ನಕ್ಷತ್ರಗಳ ನೇರಳಾತೀತ ಕಿರಣ ತಗುಲಿ ಪರಮಾಣುವಿನಿಂದ ಎಲೆಕ್ಟ್ರಾನ್ ಕಿತ್ತು ಹೋಗುತ್ತದೆ. ಅದು ಮತ್ತೆ ಬಂದು ಸೇರಿ ಕೆಳಗಿನ ಹಂತಗಳಿಗೆ ಇಳಿಯುವಾಗ 656.3 ನ್ಯಾನೊಮೀಟರಿನ ಕೆಂಪು ಬೆಳಕು ಹೊರಬರುತ್ತದೆ. ಆದ್ದರಿಂದ ಕೆಂಪು ಅಲ್ಲೇ ಇದೆ. ಇಷ್ಟು ಮಂದ ಬೆಳಕಿನಲ್ಲಿ ನಮ್ಮ ಕಣ್ಣು ಬಣ್ಣ ಗುರುತಿಸುವುದಿಲ್ಲ, ಅಷ್ಟೆ.

ಕ್ಯಾಮೆರಾ ನಮ್ಮ ಮಾಮುವಿನದು, ಮದುವೆ ಫೋಟೊ ತೆಗೆಯುವುದು. ಕೋಲಾರದ ನಮ್ಮ ಮನೆಯ ಮಹಡಿಯಿಂದ ತೆಗೆದಾಗ ಬೀದಿ ದೀಪಗಳಿಂದ ಇಡೀ ಆಕಾಶ ಬೆಳ್ಳಗೆ ಬಂತು. ಅಮಾವಾಸ್ಯೆಯ ಹತ್ತಿರ ಶ್ರೀನಿವಾಸಪುರದ ಕಡೆ ನಾನಿಯ ಊರಿಗೆ ಹೋಗಿ, ಇಶಾ ನಮಾಜ್ ಮುಗಿಸಿ ಮಾವಿನ ತೋಪಿನಲ್ಲಿ ಟ್ರೈಪಾಡ್ ಇಟ್ಟೆವು. ಇಬ್ಬನಿಗೆ ಲೆನ್ಸ್ ಎರಡು ಸಲ ಮಂಜಾಯಿತು.

1880ರಲ್ಲಿ ಅಮೆರಿಕದ ಹೆನ್ರಿ ಡ್ರೇಪರ್ ಈ ನೀಹಾರಿಕೆಯ ಮೊದಲ ಫೋಟೊ ತೆಗೆದಾಗ 51 ನಿಮಿಷ ಬೆಳಕು ಹಿಡಿದಿದ್ದರು. ಅವರ ದೂರದರ್ಶಕ ಆಕಾಶದ ಜೊತೆಗೇ ತಿರುಗುತ್ತಿತ್ತು. ನಮ್ಮ ಟ್ರೈಪಾಡ್ ತಿರುಗುವುದಿಲ್ಲ. 50 ಮಿ.ಮೀ. ಲೆನ್ಸಿನಲ್ಲಿ 5-6 ಸೆಕೆಂಡ್ ದಾಟಿದರೆ ಭೂಮಿ ತಿರುಗುವುದರಿಂದ ನಕ್ಷತ್ರ ಗೆರೆಯಾಗುತ್ತದೆ. ಅದಕ್ಕೆ 5 ಸೆಕೆಂಡಿನ 144 ಫೋಟೊ ತೆಗೆದೆ. ಒಟ್ಟು 12 ನಿಮಿಷದ ಬೆಳಕು.

ಒಂದೊಂದರಲ್ಲೂ ಕಾಳು ಕಾಳು ಚುಕ್ಕೆ. ಡೀಪ್‌ಸ್ಕೈಸ್ಟ್ಯಾಕರ್ ಎಂಬ ಉಚಿತ ಸಾಫ್ಟ್‌ವೇರ್ ನಕ್ಷತ್ರಗಳನ್ನು ಹೊಂದಿಸಿ ಎಲ್ಲವನ್ನೂ ಸೇರಿಸುತ್ತದೆ. ಸೇರಿಸಿದಾಗ ನಿಜವಾದ ಬೆಳಕು 144 ಪಟ್ಟಾಗುತ್ತದೆ. ಚುಕ್ಕೆಗಳು ಎಲ್ಲೆಂದರಲ್ಲಿ ಬರುವುದರಿಂದ 144ರ ವರ್ಗಮೂಲದಷ್ಟು, ಅಂದರೆ 12 ಪಟ್ಟು ಮಾತ್ರ. ಲೆನ್ಸಿಗೆ ಮುಚ್ಚಳ ಹಾಕಿಯೂ ಅಷ್ಟೇ ಸೆಕೆಂಡಿನ ಕೆಲವು ಫೋಟೊ ತೆಗೆಯಬೇಕು. ಅದರಲ್ಲಿ ಬರುವುದು ಕ್ಯಾಮೆರಾದ್ದೇ ದೋಷ, ಅದನ್ನು ಕಳೆಯಬೇಕು. ಕೊನೆಗೆ ಕತ್ತಲಲ್ಲಿ ಅಡಗಿದ ಮಂದ ಭಾಗವನ್ನು ಎತ್ತಿ ತೋರಿಸುವುದು.

ನಮ್ಮ ಅಕೌಂಟೆನ್ಸಿಯಲ್ಲಿ ಹೊಂದಾಣಿಕೆ ನಮೂದು ಬೇರೆ, ವಿಂಡೋ ಡ್ರೆಸ್ಸಿಂಗ್ ಬೇರೆ. ಸಾಮಾನ್ಯ ಕ್ಯಾಮೆರಾದೊಳಗಿನ ಫಿಲ್ಟರ್ ಈ ಕೆಂಪಿನ ಬಹುಪಾಲನ್ನು ತಡೆಯುತ್ತದೆ. ಹಾಗಾಗಿ ನನಗೆ ಬಂದದ್ದು ತಿಳಿ ಗುಲಾಬಿ. ಫೋನಿನ ಒಂದು ಆ್ಯಪ್ ಒಂದೇ ಸಲ ಒತ್ತಿದ್ದಕ್ಕೆ ಅದನ್ನು ಕಡುಗೆಂಪು ಮಾಡಿಕೊಟ್ಟಿತು. ತುಂಬ ಚೆನ್ನಾಗಿತ್ತು, ಸುಳ್ಳು ಹೇಳುವುದಿಲ್ಲ. ಅರ್ಧ ದಿನ ಇಟ್ಟುಕೊಂಡು ಅಳಿಸಿದೆ. ಬೋರ್ಡಿನಲ್ಲಿರುವುದು ಗುಲಾಬಿಯದೇ.

ಬೆಂಗಳೂರಿಗೆ ಹೋಗುವಾಗ ಸಿಗುವ ಹೊಸಕೋಟೆಯಲ್ಲಿ ಭಾರತೀಯ ಖಭೌತ ಸಂಸ್ಥೆಯ ಕೇಂದ್ರವಿದೆ. ಲಡಾಖಿನ ಹಾನ್ಲೆಯಲ್ಲಿ 4,500 ಮೀಟರ್ ಎತ್ತರದಲ್ಲಿರುವ 2 ಮೀಟರ್ ಕನ್ನಡಿಯ ಹಿಮಾಲಯನ್ ಚಂದ್ರ ದೂರದರ್ಶಕವನ್ನು ಉಪಗ್ರಹ ಸಂಪರ್ಕದಿಂದ ಇಲ್ಲಿ ಕುಳಿತೇ ನಡೆಸುತ್ತಾರೆ. ಎಷ್ಟು ಸಲ ಬಸ್ಸಿನಲ್ಲಿ ಆ ಊರನ್ನು ನಿದ್ದೆ ಮಾಡುತ್ತಾ ದಾಟಿದ್ದೇನೋ!

144 ಮೂಲ ಫೋಟೊಗಳೂ ಪೆನ್‌ಡ್ರೈವ್‌ನಲ್ಲಿವೆ. ಅನುಮಾನ ಇರುವವರು ಊಟದ ಬಿಡುವಿನಲ್ಲಿ ಬಂದು ನೋಡಬಹುದು. 61ನೆಯದರಲ್ಲಿ ವಿಮಾನದ ಗೆರೆ ಇದೆ.